ಟೆಂಟಿನ ಕೆಳಗಿನ ಜಮೀನು

ಕ್ಯಾಂಪ್ ನಡೆಸಲು ಕೊಳ್ಳುವ ಜಮೀನಿನ ಬೆಲೆ ತೋಟದ ಲೆಕ್ಕಕ್ಕೂ ಸಿಗುವುದಿಲ್ಲ, ಸೈಟಿನ ಲೆಕ್ಕಕ್ಕೂ ಸಿಗುವುದಿಲ್ಲ. ಕಾಫಿ ತೋಟ ಕೊಳ್ಳುವವರು ಗಿಡದ ವಯಸ್ಸು, ನೆರಳಿನ ಮರ, ಕಣ, ಗೋದಾಮು, ಹಿಂದಿನ ವರ್ಷಗಳ ಫಸಲು ನೋಡುತ್ತಾರೆ. ಸೈಟು ಕೊಳ್ಳುವವರು ರಸ್ತೆ ಎಷ್ಟು ಹತ್ತಿರ, ಕರೆಂಟು ಬಂದಿದೆಯೇ ಎಂದು ಕೇಳುತ್ತಾರೆ. ಕ್ಯಾಂಪಿನವರು ಹುಡುಕುವುದು ರಸ್ತೆಯ ಸದ್ದು ಕೇಳದ, ಪಕ್ಕದ ಮನೆಯ ದೀಪ ಕಾಣದ, ಬೆಳಗಿನ ಮಂಜು ಕೆಳಗೆ ನಿಲ್ಲುವ ಜಾಗ. ಮಲೆನಾಡಿನಲ್ಲಿ ಹಿಂದೆ ಯಾರಿಗೂ ಬೇಡವಾಗಿದ್ದ ತುದಿಗುಡ್ಡ, ಗಾಳಿ ಹೊಡೆಯುವ ಬೋಳು ಹುಲ್ಲುಗಾವಲು, ಬಹಳ ಹೊತ್ತು ನಡೆದರೆ ಮಾತ್ರ ಸಿಗುವ ಹಳ್ಳದ ಬದಿ, ಇವಕ್ಕೆಲ್ಲ ಈಗ ಗಿರಾಕಿ ಹುಟ್ಟಿರುವುದು ಹೀಗೆ.

ಸಕಲೇಶಪುರದಾಚೆಯ ಅಂಥ ಒಂದು ಗುಡ್ಡ ಈಚೆಗೆ ಮಾರಾಟಕ್ಕೆ ಬಂದಿದೆ. ಅದರ ವಿವರ ಮೊಬೈಲಿಗೆ ಡ್ರೋನ್ ವಿಡಿಯೊ ಆಗಿ ಬರುತ್ತದೆ. ಮಂಜು ಸರಿಯುತ್ತದೆ, ಕೆಳಗೆ ತೋಟ ಕಾಣುತ್ತದೆ, ಸರ್ವೆ ನಂಬರಿನ ಗಡಿ ಹಳದಿ ಗೆರೆಯಾಗಿ ಗುಡ್ಡವನ್ನು ಸುತ್ತುತ್ತದೆ, ಟೆಂಟು ಎಲ್ಲೆಲ್ಲಿ ನಿಲ್ಲಬಹುದೆಂದು ಬಿಳಿ ಚುಕ್ಕೆಗಳು ತೋರಿಸುತ್ತವೆ. ಇದೇ ಗುಡ್ಡವನ್ನು 1980ರ ದಶಕದಲ್ಲಿ ಅಣ್ಣತಮ್ಮಂದಿರ ಹಿಸ್ಸೆಗಾಗಿ ಅಳೆದಾಗ ಒಬ್ಬ ಸರ್ವೆಯರು, ಒಂದಿಬ್ಬರು ಕೂಲಿಯಾಳುಗಳು, ಕಾಲೇಜು ರಜೆಯಲ್ಲಿ ಕೈಖರ್ಚಿಗೆಂದು ಸರಪಳಿಯ ತುದಿ ಹಿಡಿದ ಒಬ್ಬ ಹುಡುಗ, ಇಷ್ಟು ಜನ ಜಿಗಣೆ ಕಿತ್ತುಕೊಳ್ಳುತ್ತ ದಿನಗಟ್ಟಲೆ ಏರಿ ಇಳಿದಿದ್ದರು. ಆ ಹುಡುಗ ಮುಂದೆ ಪತ್ರ ಬರಹಗಾರರೊಬ್ಬರ ಬಳಿ ಕೆಲಸ ಕಲಿತು, ತಾಲ್ಲೂಕು ಕಚೇರಿಯ ಎದುರಿನ ಸಾಲಿನಲ್ಲಿ ಕ್ರಯಪತ್ರ ಬರೆಯುತ್ತ ನಡುವಯಸ್ಸು ದಾಟಿದ. ಅಂಥವರ ಕಣ್ಣಿಗೆ ಆ ಹಳದಿ ಗೆರೆಯ ಒಂದೊಂದು ತಿರುವಿನಲ್ಲೂ ಒಬ್ಬೊಬ್ಬರು ನಿಂತಿರುತ್ತಾರೆ.

ಆಗಿನ ಅಳತೆಯ ಸರಪಳಿ 33 ಅಡಿಯದು. ಅದಕ್ಕೆ 16 ಆಣೆ. ಒಂದು ಸರಪಳಿ ಉದ್ದ, ಒಂದು ಸರಪಳಿ ಅಗಲದ ಜಾಗವೆಂದರೆ ಒಂದು ಗುಂಟೆ, ಅಂದರೆ 1,089 ಚದರ ಅಡಿ. 40 ಗುಂಟೆಗೆ ಎಕರೆ. ಮಳೆ ಬಿಟ್ಟ ಮೇಲಿನ ಹುಲ್ಲಿನಲ್ಲಿ ಎಳೆದಾಡಿದರೆ ಕಬ್ಬಿಣದ ಕೊಂಡಿಗಳ ಸಂದಿಗೆ ಮಣ್ಣು, ಬೇರು ತುಂಬಿಕೊಳ್ಳುತ್ತಿತ್ತು; ಸಂಜೆ ತೊಳೆದು, ಒರೆಸಿ, ಎಣ್ಣೆ ಹಚ್ಚಿ ಇಡದಿದ್ದರೆ ಮಾರನೇ ದಿನ ಅಂಗೈಯೆಲ್ಲ ತುಕ್ಕಿನ ಬಣ್ಣ. ಸರ್ವೆಯರು ಸಣಕಲು ಆಸಾಮಿ. ಕೊಡೆಯನ್ನು ಅಂಗಿಯ ಕಾಲರಿಗೆ ಹಿಂದಿನಿಂದ ನೇತುಹಾಕಿಕೊಂಡು, ಎರಡೂ ಕೈ ಬಿಡುವು ಮಾಡಿಕೊಂಡು ನಡೆಯುತ್ತಿದ್ದರು. ಒಂದು ನೆಟ್ಟನೆ ಗೆರೆ ಹಿಡಿದು, ಅದರಿಂದ ಎಡಕ್ಕೂ ಬಲಕ್ಕೂ ಗಡಿಯ ಮೂಲೆಗಳಿಗೆ ಎಷ್ಟು ದೂರ ಎಂದು ಅಳೆದು, ಸೀಸದ ಕಡ್ಡಿಯಲ್ಲಿ ಟಿಪ್ಪಣಿ ಬರೆಯುವುದು ಅವರ ಕೆಲಸ. "ಬಿಗಿ ಹಿಡಿಯೋ ಮಾರಾಯ, ಸರಪಳಿ ಜೋತ್ರೆ ಇಲ್ಲದ ಜಮೀನು ಹುಟ್ಟುತ್ತೆ" ಎಂದು ಅವರು ಹುಡುಗನನ್ನು ಗದರಿಸುತ್ತಿದ್ದುದು ಬರೀ ಗದರಿಕೆಯಲ್ಲ. ಜೋತ ಸರಪಳಿ ದೂರವನ್ನು ಹೆಚ್ಚಾಗಿ ತೋರಿಸುತ್ತದೆ, ಆ ಹೆಚ್ಚಳ ಒಬ್ಬರ ಪಾಲಿಗೆ ಸೇರುತ್ತದೆ, ಅಷ್ಟು ಇನ್ನೊಬ್ಬರ ಪಾಲಿನಿಂದ ಹೋಗುತ್ತದೆ.

ಇಳಿಜಾರಿನ ಅಳತೆ ಇನ್ನೂ ನಾಜೂಕಿನದು. ಜಮೀನಿನ ವಿಸ್ತೀರ್ಣವೆಂದರೆ ಗುಡ್ಡದ ಮೈಮೇಲಿನ ಉದ್ದಗಲವಲ್ಲ, ಅದನ್ನು ಮೇಲಿನಿಂದ ನೋಡಿದಾಗ ಸಿಗುವ ಸಮತಲದ ಲೆಕ್ಕ. ಆದ್ದರಿಂದ ಸರಪಳಿಯನ್ನು ಇಳಿಜಾರಿನುದ್ದಕ್ಕೆ ಹಾಸುವಂತಿಲ್ಲ. ತುಂಡು ತುಂಡಾಗಿ, ಮೆಟ್ಟಿಲು ಇಳಿದಂತೆ, ಪ್ರತಿ ಸಲ ಸಮನಾಗಿ ಎತ್ತಿ ಹಿಡಿಯಬೇಕು. ಕಡಿದಾದ ಗುಡ್ಡದಲ್ಲಿ ನಡೆದು ನೋಡಿದವರಿಗೆ ದೊಡ್ಡದಾಗಿ ಕಂಡ ಜಮೀನು ಪಹಣಿಯಲ್ಲಿ ಚಿಕ್ಕದಾಗಿರುವುದಕ್ಕೆ ಇದೂ ಒಂದು ಕಾರಣ. ಈಗಿನ ಉಪಗ್ರಹ ನಕ್ಷೆಯೂ ಇದೇ ಲೆಕ್ಕ ಹಿಡಿಯುತ್ತದೆ. ಕ್ಯಾಂಪಿಗೆ ಜಾಗ ನೋಡುವವರಿಗೆ ಇದು ಮುಖ್ಯ. ಟೆಂಟು ನಿಲ್ಲಿಸಲು ಬೇಕಾದ್ದು ಮಟ್ಟಸವಾದ ನೆಲ, ಅದು ನಾಲ್ಕು ಎಕರೆ ಗುಡ್ಡದಲ್ಲಿ ಕೆಲವೇ ಗುಂಟೆ ಇರಬಹುದು. ಎಕರೆ ಲೆಕ್ಕದಲ್ಲಿ ಕೊಟ್ಟ ಹಣ ನಿಜವಾಗಿ ಬೀಳುವುದು ಆ ಗುಂಟೆಗಳ ಮೇಲೆ.

ಅಳತೆ ಮುಗಿದ ಮೇಲೆ ಜಮೀನು ಮಾತಿಗೆ ಇಳಿಯುತ್ತಿತ್ತು. ಕ್ರಯಪತ್ರದ ಕೊನೆಯ ಷೆಡ್ಯೂಲಿನಲ್ಲಿ ಬರುವ ಚಕ್ಕುಬಂದಿಯೇ ಆಗ ಜನರು ನಂಬುತ್ತಿದ್ದ ನಕ್ಷೆ: ಪೂರ್ವಕ್ಕೆ ಇಂಥವರ ತೋಟ, ಪಶ್ಚಿಮಕ್ಕೆ ಹಳ್ಳ, ಉತ್ತರಕ್ಕೆ ಸರ್ಕಾರಿ ಜಮೀನು, ದಕ್ಷಿಣಕ್ಕೆ ಬಂಡಿದಾರಿ. ಆ ಹುಡುಗನಿಗೆ ಕೆಲಸ ಕಲಿಸಿದ ಹಿರಿಯ ಬರಹಗಾರರು ಈ ನಾಲ್ಕು ಸಾಲನ್ನು ಮಾರುವವರಿಗೆ ಎರಡು ಸಲ ಓದಿ ಹೇಳಿಸದೆ ಸಹಿಗೆ ಬಿಡುತ್ತಿರಲಿಲ್ಲ. ಮಾರುವವರ ಮುಖ ನೋಡುತ್ತ ಓದು ಎಂದು ಸಹಾಯಕನಿಗೆ ಹೇಳುತ್ತಿದ್ದರು. ಓದುವಾಗ ಯಾವ ದಿಕ್ಕಿಗೆ ಕಣ್ಣು ತಪ್ಪಿಸುತ್ತಾರೋ ಆ ದಿಕ್ಕಿನಲ್ಲಿ ತಕರಾರು ಇದೆ ಎಂಬುದು ಅವರ ಅನುಭವ. ಎಷ್ಟೋ ಪತ್ರಗಳಲ್ಲಿ ಗಡಿ ಎಂದರೆ ಒಂದು ಹಲಸಿನ ಮರ, ಒಂದು ದರೆ, ಹಳ್ಳ ತಿರುಗುವ ಬಂಡೆ. ಆಷಾಢದ ಗಾಳಿಗೆ ಮರ ಬಿದ್ದರೆ, ಹಳ್ಳ ದಿಕ್ಕು ಬದಲಿಸಿದರೆ ಮುಂದಿನ ತಲೆಮಾರಿಗೆ ಕೋರ್ಟು.

ಆ ಕಾಲವನ್ನು ನೆನೆಯುವಾಗ ಮನಸ್ಸು ಮೆತ್ತಗಾಗುವುದು ಸಹಜ. ಸೋರುವ ಮಾಡಿನ ಕೆಳಗೆ ದಪ್ಪ ಪುಸ್ತಕಗಳನ್ನು ಎದೆಗವಚಿ ಕಾಯ್ದ ಗ್ರಾಮ ಲೆಕ್ಕಿಗರು ಇದ್ದರು, ಮೈಲಿಗಟ್ಟಲೆ ನಡೆದು ಬಂದು ಬೆಳೆ ಬರೆದುಕೊಂಡು ಹೋಗುವವರಿದ್ದರು. ಆದರೆ ಆ ವ್ಯವಸ್ಥೆ ಬಡವರ ಪಾಲಿಗೆ ಒಳ್ಳೆಯದಾಗಿರಲಿಲ್ಲ ಎಂಬುದನ್ನು ನೇರವಾಗಿಯೇ ಹೇಳಬೇಕು. ಪಹಣಿ ಪುಸ್ತಕ ಒಬ್ಬರ ಕೈಯಲ್ಲಿತ್ತು. ಅದರ ನಕಲು ಬೇಕಾದವರು ಅವರ ಮನೆ ಬಾಗಿಲಲ್ಲಿ ಕಾಯಬೇಕಿತ್ತು. ಒಂದು ಹೆಸರು ಹೊಡೆದು ಮೇಲೆ ಇನ್ನೊಂದು ಬರೆದರೆ ಗೊತ್ತಾಗುವುದು ವರ್ಷಗಳ ನಂತರ. ಓದು ಬಾರದ ರೈತ ತನ್ನದೇ ಜಮೀನಿನ ಕಾಗದಕ್ಕಾಗಿ ಕೈಮುಗಿದು ನಿಂತದ್ದನ್ನು ಕಚೇರಿ ಎದುರಿನ ಸಾಲಿನಲ್ಲಿ ಕೂತವರು ದಿನವೂ ನೋಡಿದ್ದಾರೆ.

2000ದ ಹೊತ್ತಿಗೆ ಬಂದ ಭೂಮಿ ಯೋಜನೆ ಈ ಬಾಗಿಲನ್ನು ತೆರೆಯಿತು. ಐಎಎಸ್ ಅಧಿಕಾರಿ ರಾಜೀವ್ ಚಾವ್ಲಾ ಅವರ ಮುಂದಾಳತ್ವದಲ್ಲಿ, ರಾಷ್ಟ್ರೀಯ ಸೂಚನಾ ವಿಜ್ಞಾನ ಕೇಂದ್ರದ ತಂತ್ರಾಂಶದೊಡನೆ, ಸುಮಾರು 67 ಲಕ್ಷ ಹಿಡುವಳಿದಾರರ 2 ಕೋಟಿಯಷ್ಟು ಪಹಣಿಗಳು ಕಂಪ್ಯೂಟರಿಗೆ ಏರಿದವು. ಅಲ್ಲಿಯವರೆಗೆ ಅವು ರಾಜ್ಯದ ಸುಮಾರು 9,000 ಗ್ರಾಮ ಲೆಕ್ಕಿಗರ ಕೈಬರಹದಲ್ಲಿ ಹಂಚಿಹೋಗಿದ್ದವು. ಕೈಬರಹದ ಪಹಣಿಗೆ ಬೆಲೆ ಇಲ್ಲದಂತೆ ಮಾಡಿ, ತಾಲ್ಲೂಕು ಕಚೇರಿಯ ಕಿಟಕಿಯಲ್ಲಿ 15 ರೂಪಾಯಿಗೆ ಯಾರು ಬೇಕಾದರೂ ಯಾರ ಜಮೀನಿನ ಪಹಣಿಯನ್ನಾದರೂ ಪಡೆಯುವಂತೆ ಮಾಡಿದ್ದು ಸಣ್ಣ ಬದಲಾವಣೆಯಲ್ಲ. ಆ ಕಿಟಕಿಯ ಮುಂದೆ ಮುದ್ರಿತ ಪಹಣಿ ಹಿಡಿದು, ತನ್ನ ಹೆಸರಿನ ಮೇಲೆ ಬೆರಳಿಟ್ಟು, ಪಕ್ಕದಲ್ಲಿ ನಿಂತವರಿಂದ ಓದಿಸಿಕೊಂಡ ಮುದುಕಿಯರ ಮುಖದ ಸಮಾಧಾನವನ್ನು ಕಂಡವರು ಈ ತಂತ್ರಜ್ಞಾನದ ಬಗ್ಗೆ ಹಗುರವಾಗಿ ಮಾತಾಡಲಾರರು.

ಮುಂದಿನದು ಬೇಗ ಬೇಗ ಬಂತು. ನೋಂದಣಿಗೆ ಕಾವೇರಿ ತಂತ್ರಾಂಶ, ಅಳತೆಯ ಅರ್ಜಿಗಳಿಗೆ ಮೋಜಿಣಿ ತಂತ್ರಾಂಶ. ಒಂದು ಸರ್ವೆ ನಂಬರಿನ ತುಂಡನ್ನು ಮಾರುವುದಾದರೆ ಮೊದಲೇ ಅಳತೆ ಮಾಡಿಸಿ 11ಇ ನಕ್ಷೆ ತರಬೇಕೆಂಬ ನಿಯಮ ಬಂದ ಮೇಲೆ, ಕಾಗದದಲ್ಲಿ ಎಕರೆ ಬರೆದು ನೆಲದಲ್ಲಿ ಹುಡುಕಾಡುವ ಪಾಡು ಕಡಿಮೆಯಾಯಿತು. ಕರ್ನಾಟಕ ರಾಜ್ಯ ದೂರ ಸಂವೇದಿ ಅನ್ವಯಿಕ ಕೇಂದ್ರದ ದಿಶಾಂಕ್ ಆ್ಯಪ್ ತೆರೆದು ಗುಡ್ಡದ ಮೇಲೆ ನಿಂತರೆ ಕಾಲ ಕೆಳಗಿನ ಸರ್ವೆ ನಂಬರು ಮೊಬೈಲಿನಲ್ಲಿ ಕಾಣುತ್ತದೆ. 2020ರಲ್ಲಿ ಶುರುವಾದ ಸ್ವಾಮಿತ್ವ ಯೋಜನೆ ಡ್ರೋನ್ ಹಾರಿಸಿ ಊರೊಳಗಿನ ಮನೆ ಜಾಗಗಳನ್ನು ಅಳೆಯುತ್ತದೆ. ಅದು ಗ್ರಾಮಠಾಣೆಗೆ ಮಾತ್ರ, ತೋಟ ಹೊಲಗಳಿಗಲ್ಲ.

ಆದರೆ ಪರದೆಯ ಮೇಲಿನ ಗೆರೆ ಹುಟ್ಟಿರುವುದು ಹಳೆಯ ಟಿಪ್ಪಣಿ, ಹಳೆಯ ಗ್ರಾಮ ನಕಾಶೆಗಳಿಂದಲೇ. ಅಂದು ಸರಪಳಿ ಜೋತಿದ್ದರೆ ಆ ಜೋಲು ಇಂದಿನ ಗೆರೆಯಲ್ಲೂ ಇದೆ. ಒಂದೇ ಸರ್ವೆ ನಂಬರಿನಲ್ಲಿ ಹತ್ತಾರು ಹೆಸರಿದ್ದು ಪೋಡಿ, ಅಂದರೆ ಪಾಲುಗಳನ್ನು ಅಳೆದು ಬೇರ್ಪಡಿಸುವುದು, ಆಗದಿದ್ದರೆ, ಯಾರ ಪಾಲು ಯಾವ ಮೂಲೆಯಲ್ಲಿ ಎಂಬುದನ್ನು ಆ್ಯಪ್ ಹೇಳುವುದಿಲ್ಲ. ಜಮೀನಿನ ಅನುಭವದಲ್ಲಿ ಇರುವವರು ಹೇಳಬೇಕು. ದಟ್ಟ ಮರಗಳ ಕೆಳಗೆ ಮೊಬೈಲಿನ ಜಿಪಿಎಸ್ ಕೆಲವು ಮೀಟರ್ ಅತ್ತಿತ್ತ ಸರಿಯುತ್ತದೆ. ತೋಟದಲ್ಲಿ ಅಷ್ಟು ದೂರವೆಂದರೆ ಒಂದು ಸಾಲು ಗಿಡ, ಕೆಲವೊಮ್ಮೆ ಒಂದು ಬಾವಿ. ಡ್ರೋನ್ ಚಿತ್ರದ ಹಳದಿ ಗೆರೆಯನ್ನು ನೋಡಿ ಮುಂಗಡ ಕೊಟ್ಟು, ನಂತರ ಗಡಿಯ ಬಾಂದುಕಲ್ಲು ಹುಡುಕುವುದು ತಲೆಕೆಳಗಾದ ಕ್ರಮ. ಪರವಾನಗಿ ಪಡೆದ ಸರ್ವೆಯರಿಂದ ಹದ್ದುಬಸ್ತು, ಅಂದರೆ ಗಡಿ ಗುರುತು, ಮಾಡಿಸಿ, ಅಕ್ಕಪಕ್ಕದವರ ಎದುರಿಗೆ ಕಲ್ಲು ನೆಡಿಸುವುದೇ ಇಂದಿಗೂ ಗಟ್ಟಿ ದಾರಿ.

ಕ್ಯಾಂಪ್ ಎಂಬ ವ್ಯವಹಾರ ಕರ್ನಾಟಕಕ್ಕೆ ಬಂದದ್ದು ಕಾಡಿನ ಕಡೆಯಿಂದ. 1980ರಲ್ಲಿ ಹುಟ್ಟಿದ ಸರ್ಕಾರಿ ಸಂಸ್ಥೆ ಜಂಗಲ್ ಲಾಡ್ಜಸ್, ಕಬಿನಿಯ ಹಿನ್ನೀರಿನ ಬದಿಯಲ್ಲಿ ತಂಗುದಾಣ ತೆರೆಯಿತು. ಮುಂದೆ ಕಾವೇರಿ ದಡದ ಭೀಮೇಶ್ವರಿಯಲ್ಲಿ ಮಹಶೀರ್ ಮೀನು ಹಿಡಿದು ಮತ್ತೆ ನೀರಿಗೆ ಬಿಡುವ ಹವ್ಯಾಸಿಗಳಿಗಾಗಿ ಟೆಂಟುಗಳನ್ನು ಹಾಕಿತು. ಅಮೆರಿಕದಲ್ಲಿ ಈ ವ್ಯವಹಾರ ರಸ್ತೆಯಿಂದ ಬೆಳೆದದ್ದು. 1962ರಲ್ಲಿ ಮೊಂಟಾನಾದ ಬಿಲ್ಲಿಂಗ್ಸ್‌ನಲ್ಲಿ ಡೇವ್ ಡ್ರಮ್ ಎಂಬುವರು, ಸಿಯಾಟಲ್‌ನ ವಿಶ್ವಮೇಳಕ್ಕೆ ಹೊರಟ ಕಾರಿನ ಸಂಸಾರಗಳಿಗೆ ನದಿ ಬದಿಯ ತಮ್ಮ ಜಾಗದಲ್ಲಿ ಬಿಸಿನೀರಿನ ಸ್ನಾನ ಮತ್ತು ಮೇಜು ಒದಗಿಸಿ ಶುರುಮಾಡಿದ್ದು ಕೆಓಎ ಸರಣಿಯಾಗಿ ಬೆಳೆಯಿತು. ಅಲ್ಲಿ ಜನ ತಮ್ಮ ಗಾಡಿ, ತಮ್ಮ ಟೆಂಟು ತರುತ್ತಾರೆ. ಜಾಗದ ಒಡೆಯರು ಕೊಡುವುದು ನೆಲ, ನೀರು, ಕರೆಂಟು. ಇಲ್ಲಿ ಬರುವವರು ಕೈಬೀಸಿಕೊಂಡು ಬರುತ್ತಾರೆ. ಟೆಂಟು, ಹಾಸಿಗೆ, ಊಟ, ಸಂಜೆಯ ಬೆಂಕಿ, ಬೆಳಗಿನ ಕಡುಬು, ಎಲ್ಲವನ್ನೂ ಜಾಗದವರೇ ಕೊಡಬೇಕು. ಹೀಗಾಗಿ ಅಮೆರಿಕದ ಲೆಕ್ಕಪತ್ರವನ್ನು ಇಲ್ಲಿಗೆ ಹಾಗೇ ಹೊಂದಿಸಿ ಲಾಭ ಎಣಿಸುವುದು ಸರಿಬಾರದು. ಇಲ್ಲಿ ಖರ್ಚಿನ ಬಹುಪಾಲು ಅಡುಗೆಮನೆ ಮತ್ತು ಆಳುಗಳಿಗೆ ಹೋಗುತ್ತದೆ.

ಮಲೆನಾಡಿನ ಖಾಸಗಿ ತೋಟಗಳಿಗೆ ಇದು ಕಾಲಿಟ್ಟದ್ದು ಕಾಫಿ ಬೆಲೆ ನೆಲಕಚ್ಚಿದ 2000ದ ನಂತರದ ವರ್ಷಗಳಲ್ಲಿ. 1990ರ ದಶಕದಲ್ಲಿ ಕಾಫಿ ಮಂಡಳಿಯ ಒಟ್ಟು ಸಂಗ್ರಹದ ಪದ್ಧತಿ ಹೋಗಿ ಮುಕ್ತ ಮಾರುಕಟ್ಟೆ ಬಂದಾಗ ಕೆಲವು ಕಾಲ ಕೈತುಂಬ ಹಣ ಕಂಡ ಬೆಳೆಗಾರರು, ಬೆಲೆ ಕುಸಿದಾಗ ಕೂಲಿ ಕೊಡಲೂ ಒದ್ದಾಡಿದರು. ಪತ್ರ ಬರೆಸಲು ಬರುವವರ ಸ್ವರ ಆ ವರ್ಷಗಳಲ್ಲಿ ಬದಲಾಗಿತ್ತು. ತೋಟ ಅಡವಿಡುವ ಪತ್ರಗಳು ಹೆಚ್ಚಿದವು. ಮನೆಯ ಎರಡು ಕೋಣೆ ಖಾಲಿ ಮಾಡಿ ಬೆಂಗಳೂರಿನವರಿಗೆ ಬಾಡಿಗೆ ಕೊಟ್ಟು, ಮನೆಯ ಹೆಂಗಸರೇ ಅಕ್ಕಿರೊಟ್ಟಿ ಬಡಿದು ಹಾಕಿ ತೋಟ ಉಳಿಸಿಕೊಂಡ ಸಂಸಾರಗಳಿವೆ. ಇಂದಿನ ಹೋಂಸ್ಟೇ, ಟೆಂಟ್ ಕ್ಯಾಂಪುಗಳ ಬಂಡವಾಳದ ಮಾತಿನಲ್ಲಿ ಆ ಹೆಂಗಸರ ದುಡಿಮೆ ಎಲ್ಲೂ ಲೆಕ್ಕಕ್ಕೆ ಬರುವುದಿಲ್ಲ. ಆದರೆ ಈ ವ್ಯವಹಾರದ ಮೊದಲ ಬಂಡವಾಳ ಅದೇ.

ಕಾಗದದ ಪರೀಕ್ಷೆಗಳು ಗೊತ್ತಿರುವಂಥವೇ. ಬೇಸಾಯಗಾರರಲ್ಲದವರು ಕೃಷಿ ಜಮೀನು ಕೊಳ್ಳದಂತೆ ತಡೆದಿದ್ದ ಭೂಸುಧಾರಣಾ ಕಾಯ್ದೆಯ 79ಎ, 79ಬಿ ಕಲಂಗಳು 2020ರಲ್ಲಿ ರದ್ದಾದವು. ಕಾಫಿ ತೋಟಗಳಿಗೆ ಅವು ಮೊದಲೂ ಅನ್ವಯಿಸುತ್ತಿರಲಿಲ್ಲ. ಕೃಷಿಯೇತರ ಬಳಕೆಗೆ 1964ರ ಭೂಕಂದಾಯ ಕಾಯ್ದೆಯ 95ನೇ ಕಲಂ ಪ್ರಕಾರ ಜಿಲ್ಲಾಧಿಕಾರಿಗಳಿಂದ ಪರಿವರ್ತನೆ ಆಗಬೇಕು. ಪರಿಶಿಷ್ಟರಿಗೆ ಮಂಜೂರಾದ ಜಮೀನನ್ನು 1978ರ ಪಿಟಿಸಿಎಲ್ ಕಾಯ್ದೆ ರಕ್ಷಿಸುತ್ತದೆ; ಸರ್ಕಾರದ ಅನುಮತಿ ಇಲ್ಲದೆ ಕೊಂಡರೆ ಜಮೀನೂ ಹೋಗುತ್ತದೆ, ಕೊಟ್ಟ ಹಣವೂ ಹೋಗುತ್ತದೆ. ಹಾಗೆ ಆಗುವುದೇ ನ್ಯಾಯ. ಪಹಣಿಯಲ್ಲಿ ಸಾಗುವಳಿಗೆ ಬಾರದ ಜಾಗ ತೋರಿಸುವ ಖರಾಬು ಕಾಲಂ ನೋಡಬೇಕು: ಬಿ ಖರಾಬು ಎಂದರೆ ಹಳ್ಳ, ದಾರಿಯಂಥ ಸಾರ್ವಜನಿಕ ಜಾಗ, ಅದನ್ನು ಯಾರೂ ಮಾರುವಂತಿಲ್ಲ. ವಿಡಿಯೊದಲ್ಲಿ ಅತಿ ಚೆಂದ ಕಾಣುವ ಜಲಪಾತದ ಬುಡ ಎಷ್ಟೋ ಕಡೆ ಬಿ ಖರಾಬಿನಲ್ಲೇ ಇರುತ್ತದೆ. ಕಾಡಿನ ಅಂಚಿನಲ್ಲಾದರೆ ಅರಣ್ಯ ಕಾಯ್ದೆಯ 4ನೇ ಕಲಂ ಅಧಿಸೂಚನೆ, ಪರಿಸರ ಸೂಕ್ಷ್ಮ ವಲಯದ ಗಡಿ ಎರಡನ್ನೂ ನೋಡಬೇಕು. ಬಂಡೀಪುರದ ಸುತ್ತ ಅಂಥ ವಲಯ 2012ರಿಂದಲೇ ಜಾರಿಯಲ್ಲಿದೆ.

ಯಾವ ಪೋರ್ಟಲಿನಲ್ಲೂ ಸಿಗದ ಸಂಗತಿ ನೀರು. ಸಕಲೇಶಪುರದಾಚೆಯ ಆ ಗುಡ್ಡದಲ್ಲಿ ಅಳತೆ ನಡೆದ ದಿನಗಳಲ್ಲಿ ತಂಡಕ್ಕೆ ಕುಡಿಯುವ ನೀರು ತಂದುಕೊಡುತ್ತಿದ್ದವಳು ತೋಟದ ಕೂಲಿಗಳ ಲೈನ್ ಮನೆಯ ಒಬ್ಬ ಹೆಂಗಸು. ಗುಡ್ಡದ ಬೆನ್ನಿಗೆ ಎರಡು ಒರತೆಗಳಿದ್ದವು. ದೊಡ್ಡದು ನೋಡಲು ಚೆಂದ, ಬಂಡೆಯ ಸಂದಿಯಿಂದ ಸದ್ದು ಮಾಡುತ್ತ ಇಳಿಯುತ್ತಿತ್ತು. ಅವಳು ಅದನ್ನು ದಾಟಿ ಇನ್ನೂ ಕೆಳಗಿನ, ಜರಿಗಿಡಗಳಲ್ಲಿ ಮುಚ್ಚಿಹೋದ ಸಣ್ಣ ಗುಂಡಿಗೆ ಹೋಗುತ್ತಿದ್ದಳು. ಹುಡುಗ ಕೇಳಿದ್ದಕ್ಕೆ, "ಮ್ಯಾಲಿನದು ಶಿವರಾತ್ರಿಗೆ ಒಣಗುತ್ತೆ ಅಪ್ಪಿ, ಇದು ಯಾವತ್ತೂ ಕೈಬಿಟ್ಟಿಲ್ಲ" ಎಂದಿದ್ದಳು. ಈಗಿನ ವಿಡಿಯೊದಲ್ಲಿ ಕಾಣುವುದು ಮೇಲಿನ ಒರತೆ, ಅದೂ ಮಳೆಗಾಲ ಮುಗಿದ ಕೂಡಲೇ ತೆಗೆದದ್ದು. ಕ್ಯಾಂಪಿಗೆ ಜನ ಬರುವುದು ಮುಖ್ಯವಾಗಿ ಅಕ್ಟೋಬರಿನಿಂದ ಮೇ ತನಕ. ರಜೆಯ ಗದ್ದಲ ಏರುವ ಏಪ್ರಿಲ್, ಮೇ ತಿಂಗಳಲ್ಲೇ ನೀರು ಕೊನೆ ಮುಟ್ಟುತ್ತದೆ. ಗೂಗಲ್ ಅರ್ಥ್‌ನಂಥ ನಕ್ಷೆಗಳಲ್ಲಿ ಹಿಂದಿನ ವರ್ಷಗಳ ಬೇಸಿಗೆಯ ಚಿತ್ರಗಳನ್ನು ಹೋಲಿಸಿದರೆ ಎಲ್ಲಿ ಹಸಿರು ಉಳಿಯುತ್ತದೆ, ಎಲ್ಲಿ ದರೆ ಜರಿದ ಗುರುತಿದೆ ಎಂಬುದು ಸ್ವಲ್ಪಮಟ್ಟಿಗೆ ತಿಳಿಯುತ್ತದೆ. 2018ರ ಆಗಸ್ಟಿನಲ್ಲಿ ಕೊಡಗಿನ ಗುಡ್ಡಗಳು ಕುಸಿದ ಮೇಲೆ ಈ ಹೋಲಿಕೆಯನ್ನು ಬಿಡುವಂತಿಲ್ಲ. ಒರತೆಯ ವಿಷಯಕ್ಕೆ ಬಂದರೆ ಲೈನ್ ಮನೆಯವರನ್ನೇ ಕೇಳಬೇಕು.

ದಾರಿಯೂ ಹಾಗೇ. ಗ್ರಾಮ ನಕ್ಷೆಯಲ್ಲಿ ಗುರುತಾಗಿರುವ ನಕಾಶೆ ದಾರಿಯಾದರೆ ತಡೆಯಲು ಯಾರಿಗೂ ಹಕ್ಕಿಲ್ಲ. ಪಕ್ಕದ ತೋಟದವರ ಒಪ್ಪಿಗೆಯಿಂದ ಓಡಾಡುವ ದಾರಿ ಬೇರೆ. ವರ್ಷಕ್ಕೆ ನಾಲ್ಕು ಸಲ ಗೊಬ್ಬರದ ಜೀಪು ಹೋಗಲು ಬಿಟ್ಟವರು, ಪ್ರತಿ ಶನಿವಾರ ರಾತ್ರಿ ಹತ್ತು ಕಾರು ಹೋಗಲು ಬಿಡಬೇಕೆಂದಿಲ್ಲ. ಹೊರಗಿನವರು ಕ್ಯಾಂಪು ಹಾಕಿದಲ್ಲಿ ಎದ್ದ ಜಗಳಗಳು ಬಹಳಮಟ್ಟಿಗೆ ದಾರಿಯ ಮೇಲೆ ಇಲ್ಲವೇ ರಾತ್ರಿಯ ಹಾಡಿನ ಮೇಲೆ. ಸಕಲೇಶಪುರ, ಆಲೂರಿನ ಕಡೆ ಆನೆಗಳ ಓಡಾಟದ ಸುದ್ದಿ ವಾಟ್ಸಾಪ್ ಗುಂಪುಗಳಲ್ಲಿ ಹರಿದಾಡುತ್ತದೆ. ಆ ಗುಂಪಿಗೆ ಕ್ಯಾಂಪಿನವರನ್ನು ಸೇರಿಸಿಕೊಳ್ಳುವುದು ಊರಿನವರು. ಅವರ ವಿಶ್ವಾಸ ಇಲ್ಲದವರಿಗೆ ಕತ್ತಲಲ್ಲಿ ಆನೆ ಎಲ್ಲಿದೆಯೆಂದು ಗೊತ್ತಾಗುವುದಿಲ್ಲ.

ವ್ಯವಹಾರದ ತಂತ್ರಜ್ಞಾನ ಸರಳ. ಬುಕಿಂಗ್ ತಾಣಗಳು ಗಿರಾಕಿ ತರುತ್ತವೆ, ಕಮಿಷನ್ ಹಿಡಿಯುತ್ತವೆ. ವಾರದ ಕೊನೆಗೆ ದರ ಏರಿಸಿ, ನಡುವಾರ ಇಳಿಸುವುದು ಈಗ ತಂತ್ರಾಂಶದ ಕೆಲಸ. ಜಾಗವನ್ನು ಪಾಲು ಪಾಲಾಗಿ ಮಾರಿ, ನಿರ್ವಹಣೆ ತಾವೇ ಮಾಡುವುದಾಗಿ ಹೇಳುವ ಯೋಜನೆಗಳಲ್ಲಿ ಮಾತ್ರ ಬಹಳ ಎಚ್ಚರ ಬೇಕು. ಹಂಚಿಕೆಯ ಒಡೆತನಕ್ಕೆ ಷೇರುಪೇಟೆ ನಿಯಂತ್ರಕ ಸೆಬಿ 2024ರಲ್ಲಿ ತಂದ ಸಣ್ಣ ರೀಟ್ (ರಿಯಲ್ ಎಸ್ಟೇಟ್ ಹೂಡಿಕೆ ಟ್ರಸ್ಟ್) ನಿಯಮಗಳು ಪೂರ್ಣಗೊಂಡು ಬಾಡಿಗೆ ತರುವ ಆಸ್ತಿಗಳಿಗೆ. ಹತ್ತು ಲಕ್ಷ ರೂಪಾಯಿಗಿಂತ ಕಡಿಮೆ ಹೂಡುವಂತಿಲ್ಲ. ಬೋಳು ಗುಡ್ಡದ ಪಾಲಿಗೆ ಆ ರಕ್ಷಣೆ ಇಲ್ಲ. ಪೋಡಿ ಆಗದ ಜಮೀನಿನಲ್ಲಿ ಜಂಟಿ ಹೆಸರು ಪಡೆದವರು, ಹಿಂದೆ ಅಣ್ಣತಮ್ಮಂದಿರು ಬಂದು ನಿಲ್ಲುತ್ತಿದ್ದ ಜಾಗಕ್ಕೇ ಬಂದು ನಿಲ್ಲುತ್ತಾರೆ, ಅದೂ ಪರಸ್ಪರ ಮುಖ ಪರಿಚಯವಿಲ್ಲದೆ.

ಕೊಳ್ಳುವುದಕ್ಕಿಂತ ಬೆಳೆಗಾರರೊಡನೆ ಸೇರಿ ನಡೆಸುವುದೇ ಹೆಚ್ಚಿನ ಕಡೆ ಲೇಸು. ಜಮೀನು ಊರಿನವರ ಕೈಯಲ್ಲೇ ಉಳಿಯುತ್ತದೆ, ಹೂಡುವವರ ಹಣ ನೆಲದಲ್ಲಿ ಹೂತುಹೋಗುವುದಿಲ್ಲ. ಇದಕ್ಕೆ ಅಡ್ಡ ಬರುವುದು ಹಳೆಯ ಭಯ. ಭೂಸುಧಾರಣಾ ಕಾಯ್ದೆಯ ಪ್ರಕಾರ 1974ರ ಮಾರ್ಚ್ 1ರಂದು ಗೇಣಿ ಜಮೀನುಗಳು ಸರ್ಕಾರದ ವಶಕ್ಕೆ ಬಂದು, 7ನೇ ನಮೂನೆಯ ಅರ್ಜಿಯ ಮೇಲೆ ಗೇಣಿದಾರರೇ ಒಡೆಯರಾದ ನೆನಪು ಮಲೆನಾಡಿನ ಮನೆಗಳಲ್ಲಿ ಇನ್ನೂ ಮಾಸಿಲ್ಲ. ಉಳುವವರಿಗೆ ನೆಲ ಕೊಟ್ಟ ಆ ಕಾಯ್ದೆ ನ್ಯಾಯದ್ದೇ. ಆದರೆ ಜಮೀನಿನ ಬಗ್ಗೆ ಯಾರಿಗೂ ಏನನ್ನೂ ಬರೆದುಕೊಡಬಾರದು ಎಂಬ ಹೆದರಿಕೆಯನ್ನೂ ಅದು ಒಡೆಯರಲ್ಲಿ ಬಿಟ್ಟುಹೋಯಿತು. ಕೃಷಿ ಜಮೀನನ್ನು ಗೇಣಿಗೆ ಕೊಡುವುದನ್ನು ಅದೇ ಕಾಯ್ದೆಯ 5ನೇ ಕಲಂ ಈಗಲೂ ನಿಷೇಧಿಸುತ್ತದೆ. ಹಾಗಾಗಿ ಎಷ್ಟೋ ಕ್ಯಾಂಪುಗಳು ಬಾಯಿಮಾತಿನ ಮೇಲೆ ನಡೆದು, ಎರಡು ಮೂರು ವರ್ಷಕ್ಕೆ ಮನಸ್ತಾಪದಲ್ಲಿ ಮುಗಿಯುತ್ತವೆ. ಅಡುಗೆಮನೆ, ಬಚ್ಚಲು, ಟೆಂಟು ನಿಲ್ಲುವ ಮಟ್ಟಸ ಜಾಗ, ಇಷ್ಟನ್ನು ಮಾತ್ರ ಅಳತೆ ಮಾಡಿಸಿ, ಪರಿವರ್ತನೆ ಮಾಡಿಸಿ, ಅದರ ಮಟ್ಟಿಗೆ ನೋಂದಾಯಿತ ಗುತ್ತಿಗೆ ಕರಾರು ಮಾಡಿಕೊಂಡರೆ ಎರಡೂ ಕಡೆಗೆ ಧೈರ್ಯ. ಬೇಸಿಗೆಯಲ್ಲಿ ಒರತೆಯ ನೀರು ಮೊದಲು ಯಾರಿಗೆ, ಲೈನ್ ಮನೆಗಳಿಗೋ ಕ್ಯಾಂಪಿಗೋ. ಗೇಟು ರಾತ್ರಿ ಎಷ್ಟು ಗಂಟೆಗೆ ಹಾಕಬೇಕು. ತೋಟದ ಕೆಲಸ ಜೋರಾಗಿರುವ ಕೊಯ್ಲಿನ ತಿಂಗಳುಗಳಲ್ಲಿ ಆಳುಗಳನ್ನು ಯಾರು ಕರೆಯಬಹುದು. ಗುತ್ತಿಗೆ ಮುಗಿದಾಗ ಶೌಚದ ಗುಂಡಿ ಮುಚ್ಚಿ, ಕಾಂಕ್ರೀಟು ಕಿತ್ತು, ಕಸ ಊರಿನಾಚೆ ಸಾಗಿಸುವ ಖರ್ಚು ಯಾರದು. ಇವನ್ನು ಆ ಕರಾರಿನಲ್ಲೇ, ಹಳೆಯ ಚಕ್ಕುಬಂದಿಯಷ್ಟೇ ಬಿಡಿಸಿ ಬರೆದು, ಎರಡೂ ಕಡೆಯವರಿಗೆ ಓದಿ ಹೇಳಿ ಸಹಿ ಹಾಕಿಸಬೇಕು.